ಉಪ್ಪಿಗೂ ಹೊರಹೋಗಲು ದಾರಿ ಬೇಕು

ಏಕಸಂಬಿಯ ನಮ್ಮ ಎರೆಹೊಲದ ತಗ್ಗಿನಲ್ಲಿ ಕುಳೆ ಕಬ್ಬು ಕುಂಠಿತವಾಗಿ, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪದರ ಕಾಣಿಸಿಕೊಂಡಾಗ ಎಲ್ಲರೂ ಸರಕಾರಿ ಗೊಬ್ಬರವನ್ನೇ ದೂರಿದರು. ಗೊಬ್ಬರದ ಪಾಲೂ ಇದೆ. ಆದರೆ ದೊಡ್ಡ ಪಾಲು ನೀರಿನದು ಎಂಬುದು ಲೆಕ್ಕ ಹಾಕಿದ ಮೇಲೆ ನನಗೆ ಮನದಟ್ಟಾಯಿತು.

ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣವಿದ್ದರೆ ಭಾರತೀಯ ಮಾನಕ ಒಪ್ಪುತ್ತದೆ. ಅಂಥ ನೀರನ್ನೇ ಎಕರೆಗೆ 10 ಸೆಂ.ಮೀ. ನಿಲ್ಲುವಷ್ಟು ಹಾಯಿಸಿದರೆ ಸುಮಾರು 4 ಲಕ್ಷ ಲೀಟರ್ ಆಯಿತು. ಅದರೊಡನೆ 200 ಕಿಲೋ ಉಪ್ಪು ಹೊಲಕ್ಕಿಳಿಯಿತು, ಅದೂ ಒಂದೇ ಸರದಿಗೆ! ಬೇರು ಹೀರುವುದು ಬಹುಪಾಲು ನೀರನ್ನು, ಬಿಸಿಲು ಒಯ್ಯುವುದು ಬರೀ ನೀರನ್ನು. ಸೋಡಿಯಂ, ಕ್ಲೋರೈಡ್, ಸಲ್ಫೇಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಮಣ್ಣಿನ ಲವಣಾಂಶ, ವಿದ್ಯುತ್ ವಾಹಕತೆಯ ಅಳತೆಯಲ್ಲಿ, ಮೀಟರಿಗೆ 1.7 ಡೆಸಿಸೀಮೆನ್ಸ್ ದಾಟಿದರೆ ಕಬ್ಬಿನ ಇಳುವರಿ ಇಳಿಯತೊಡಗುತ್ತದೆ. ಹತ್ತಿ 7.7ರವರೆಗೆ ತಾಳುತ್ತದೆ.

‘ನೀರ ಜಾಸ್ತಿ ಬಿಡೋ ತಮ್ಮಾ, ಉಪ್ಪ ತೊಳದ ಹೊಕ್ಕೈತಿ’ ಎಂದರು ಕಾಕಾ. ನೀರು ಬಸಿಯುವ ಎತ್ತರದ ಹೊಲಕ್ಕೆ ಆ ಮಾತು ಪೂರಾ ಸರಿ. ನಮ್ಮ ತಗ್ಗಿನಲ್ಲಿ ತೊಳೆದ ನೀರಿಗೆ ಹೋಗಲು ಜಾಗವೇ ಇರಲಿಲ್ಲ. ಜವಳು ಹಿಡಿದು ಅಂತರ್ಜಲ ಬೇರಿನ ಸಮೀಪಕ್ಕೆ ಏರಿತ್ತು. ಬತ್ತಿಗೆ ಎಣ್ಣೆ ಏರುವಂತೆ ಅದು ಮಣ್ಣಿನ ಸಣ್ಣ ರಂಧ್ರಗಳಲ್ಲಿ ಮೇಲೇರಿ, ಆವಿಯಾಗಿ, ಉಪ್ಪನ್ನು ನೆಲದ ಮೇಲೆ ಬಿಟ್ಟುಹೋಗುತ್ತಿತ್ತು.

ಬಿಳಿ ಕಂಡಲ್ಲೆಲ್ಲ ಜಿಪ್ಸಮ್ ಸುರಿಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ಬೇಕಾದದ್ದು ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡ, ರಸಸಾರ 8.5 ದಾಟಿದ ಕ್ಷಾರ ಭೂಮಿಗೆ. ಜಿಪ್ಸಮ್ಮಿನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಕಿತ್ತು ತನ್ನ ಜಾಗ ಮಾಡಿಕೊಳ್ಳುತ್ತದೆ. ಕಿತ್ತುಬಂದದ್ದು ಸಲ್ಫೇಟಿನ ಜೊತೆ ಕರಗಿ ನೀರಿನೊಡನೆ ಹೊರಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಹೋಗುವುದೆಲ್ಲಿಗೆ? ನಮ್ಮ ಹೊಲದ ಪರೀಕ್ಷೆಯಲ್ಲಿ ಲವಣ ಹೆಚ್ಚಿತ್ತು, ರಸಸಾರ ಮಿತಿಯಲ್ಲೇ ಇತ್ತು; ಜಿಪ್ಸಮ್ ಬೇಕಾಗಲಿಲ್ಲ.

ನೆಲದೊಳಗೆ ರಂಧ್ರದ ಪಿವಿಸಿ ಪೈಪು ಹೂತು ಹಳ್ಳಕ್ಕೆ ಬಿಟ್ಟೆವು. ಮಳೆಗಾಲ ತೊಳೆಯುವ ಕೆಲಸ ಮಾಡಿತು. ಪೈಪಿನಿಂದ ಬಂದ ನೀರು ನಾಲಿಗೆಗೆ ಉಪ್ಪೆನಿಸುತ್ತಿತ್ತು. ಪೈಪು ಹೂಳುವುದಕ್ಕಿಂತ ಕೆಳಗಿನ ಹೊಲದವರನ್ನು ಒಪ್ಪಿಸುವುದು ಕಷ್ಟವಾಯಿತು. ಹಳ್ಳಕ್ಕೆ ಬಿಟ್ಟ ಉಪ್ಪು ಕೊನೆಗೆ ಕೃಷ್ಣೆಯ ಕೆಳದಂಡೆಯವರ ಪಾಲಾಗುತ್ತದೆಂಬುದೂ ನನ್ನನ್ನು ಕಾಡುತ್ತದೆ. ಹಾಗಾಗಿ ಈಗ ಹನಿ ನೀರಾವರಿಯಲ್ಲಿ ಬೇಕಾದಷ್ಟೇ ನೀರು ಕೊಡುತ್ತೇವೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬು ಬೆಳೆಗಾರರಲ್ಲಿ ನನ್ನ ಕೋರಿಕೆ: ಜಿಪ್ಸಮ್ ಕೊಳ್ಳುವ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಬಸಿಗಾಲುವೆಗೆ ಅಕ್ಕಪಕ್ಕದ ಹೊಲದವರು ಸೇರಿ ಒಂದೇ ದಾರಿ ಗೊತ್ತುಮಾಡಿಕೊಳ್ಳಿ.