ಅದು ಮುಗದೈತಿ ಸರ್

ಮಕ್ಕಳ ಕವಿಗೋಷ್ಠಿ ಏರ್ಪಡಿಸುವವರು ಯಾರೇ ಇರಲಿ, ಅವರಲ್ಲಿ ನನ್ನದೊಂದು ವಿನಂತಿ. ಕವನಗಳನ್ನು ಮೊದಲೇ ತರಿಸಿಕೊಂಡು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ. ಬರೆದ ಮಗುವನ್ನು ಅನುಮಾನಿಸಿ ನಾಲ್ಕು ಜನರೆದುರು ಪರೀಕ್ಷೆಗೆ ನಿಲ್ಲಿಸಬೇಡಿ. ಕಳೆದ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಗೋಷ್ಠಿಯಲ್ಲಿ ಈ ಎರಡೂ ನಡೆದವು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ವೇದಿಕೆ ಹೊಸದಲ್ಲ. ಪ್ರತಿಭಾ ಕಾರಂಜಿ ಬಂತೆಂದರೆ ಕ್ಲಸ್ಟರ್‌ನಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಓಡಾಡುತ್ತಾರೆ. ಆದರೆ ಹೇಳುವುದೆಲ್ಲ ಬೇರೆಯವರು ಬರೆದದ್ದು. ಕೈ ಎಲ್ಲಿ ಎತ್ತಬೇಕು, ದನಿ ಎಲ್ಲಿ ನಡುಗಿಸಬೇಕು ಎಂಬುದನ್ನೂ ನಾವೇ ಹೇಳಿಕೊಟ್ಟಿರುತ್ತೇವೆ. ಇನ್ನು ತರಗತಿಯ ಛಂದಸ್ಸಿನ ಪಾಠ ಎಂದರೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಹೆಸರು ಬರೆಯಿರಿ ಎನ್ನುವುದಕ್ಕೇ ಮುಗಿಯಿತು. ಭಾಮಿನಿ ಷಟ್ಪದಿಯನ್ನು ಗೆರೆ ಎಳೆದು ತಪ್ಪಿಲ್ಲದೆ ಒಡೆಯುವ ಹುಡುಗ ತಾನಾಗಿ ಒಂದು ಸಾಲು ಕಟ್ಟಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಾಗಾಗಿ ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಇಷ್ಟವಿದ್ದವರು ಉಳಿಯಿರಿ ಎಂದೆ. ಮೊದಮೊದಲು ಬಂದದ್ದೆಲ್ಲ ಒಂದೇ ಅಚ್ಚಿನ ಪದ್ಯಗಳು. ಕನ್ನಡ ತಾಯಿಗೆ ವಂದನೆ, ಹಸಿರಿಗೆ ಉಸಿರಿನ ಪ್ರಾಸ, ಕೊನೆಗೆ ಎಲ್ಲರೂ ಒಂದಾಗಿ ಬಾಳೋಣ. ಯಾವುದೂ ಆ ಮಕ್ಕಳು ಕಂಡದ್ದಲ್ಲ, ನಾವು ಅವರ ಕಿವಿಗೆ ಹಾಕಿದ್ದು. ಬೋರ್ಡಿನ ಒಂದು ಮೂಲೆಯಲ್ಲಿ ನಾಡು, ಹಸಿರು, ಉಸಿರು, ಬಾಳು, ಬೆಳಕು ಎಂದು ಬರೆದು, ಇವಿಷ್ಟು ಶಬ್ದ ಈ ತಿಂಗಳು ಬಳಸುವ ಹಾಗಿಲ್ಲ ಎಂದೆ. ತರಗತಿ ಬಿಕೋ ಎಂದಿತು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಅಕ್ಕೋರ, ನಮ್ಮ ಮನಿ ಟಗರಿನ ಬಗ್ಗೆ ಬರಿಯಬೌದೇನ್ರಿ?" ಕವಿಗೋಷ್ಠಿ ಶುರುವಾದದ್ದು ಆ ಟಗರಿನಿಂದ.

ಲಯ ಕಲಿಸುವುದು ಸುಲಭವಿತ್ತು, ಏಕೆಂದರೆ ಅವರಿಗೆ ಆಗಲೇ ಬರುತ್ತಿತ್ತು. ಅಲಾಯಿ ಹಬ್ಬದಲ್ಲಿ ಅಪ್ಪಂದಿರ ಜೊತೆ ರಿವಾಯತ್ ಪದಕ್ಕೆ ಹೆಜ್ಜೆ ಹಾಕುವ ಹುಡುಗರು ಅವರು. ಬೀಸುಕಲ್ಲು ಮನೆಯ ಮೂಲೆ ಸೇರಿದ್ದರೂ ತ್ರಿಪದಿ ಅಜ್ಜಿಯರ ಬಾಯಲ್ಲಿ ಇನ್ನೂ ಉಳಿದಿದೆ. ಭಾಮಿನಿಯ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯನ್ನು 'ತಕಿಟ ತಕದಿಮಿ' ಎಂದು ಬೆಂಚಿನ ಮೇಲೆ ಬಡಿಸಿದೆ. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಬಂದು ಜಗಳಾಡಿದರು, ಆ ಮಾತು ಇಲ್ಲಿ ಬೇಡ. ತಿದ್ದುವ ಕೆಲಸವನ್ನು ಮಾತ್ರ ನಾನು ಮಾಡಲಿಲ್ಲ. ಬರೆದದ್ದನ್ನು ಹಾಳೆ ನೋಡದೆ ನಿಂತು ಹೇಳಬೇಕು, ಅಷ್ಟೇ ನಿಯಮ. ಟಗರಿನ ಹುಡುಗ ಪ್ರತಿ ಸಲವೂ ಮೂರನೇ ಸಾಲಿನಲ್ಲೇ ಎಡವುತ್ತಿದ್ದ. ಒಂದು ದಿನ ತಾನೇ ಬೆರಳು ಮಡಚಿ ಎಣಿಸಿ, "ಇಲ್ಲೊಂದು ಶಬ್ದ ಹೆಚ್ಚಾಗೇತ್ರಿ" ಎಂದು ಹೊಡೆದುಹಾಕಿದ. ಮಾತ್ರೆಯ ಪಾಠವನ್ನು ಅವನಿಗೆ ಅದಕ್ಕಿಂತ ಚೆನ್ನಾಗಿ ನಾನು ಹೇಳಿಕೊಡಲಾರೆ.

ಈಗ ಆ ಹುಡುಗಿಯ ವಿಷಯ. ಒಂಬತ್ತನೇ ತರಗತಿ. ನಮ್ಮ ಕಡೆ ದೀಪಾವಳಿ ದಾಟಿತೆಂದರೆ ಮನೆಮನೆಗೆ ಬೀಗ ಬೀಳುತ್ತದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಂಗಳೂರಿಗೋ ಗೋವಾಕ್ಕೋ ಗುಳೆ ಹೋದವರು ಯುಗಾದಿ ಹೊತ್ತಿಗೆ ಬಂದರೆ ಬಂದರು. ಈ ಹುಡುಗಿಯೂ ಹಿಂದಿನ ವರ್ಷ ಹೋಗಿ ಬಂದವಳು, ಆ ವರ್ಷ ಅಜ್ಜಿಯ ಹತ್ತಿರ ಉಳಿದಿದ್ದಳು. ಅವಳು ಬರೆದದ್ದು ಹೀಗೆ ಶುರುವಾಗುತ್ತದೆ:

ಅವ್ವ ಸೀರಿ ಗಂಟು ಕಟ್ಯಾಳ
ರೊಟ್ಟಿ ಬುತ್ತಿ ಮ್ಯಾಲ ಇಟ್ಟಾಳ
ನನ್ನ ಪುಸ್ತಕ ಒಳಗಿಡು ಅಂದ್ರ
ಭಾರ ಆಕೈತಿ ಅಂತಾಳ

ಕೊನೆಯ ಎರಡು ಸಾಲು:

ಶಾಲಿ ಮುಂದ ಗಾಡಿ ಹಾದ್ರ
ನನ್ನ ಹೆಸರ ಕೂಗಾಕ್ಹತ್ಯಾರ

ಹಾಜರಿ ಕೂಗುವವಳು ನಾನೇ. ಓದಿ ಮುಗಿಸಿ ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ತಾಲ್ಲೂಕಿಗೆ ಕಳಿಸಿದ ಕವನ 'ಪರಿಶೀಲನೆ'ಯಾಗಿ ವಾಪಸು ಬಂತು. ಸೀರಿ ಸೀರೆಯಾಗಿತ್ತು. 'ಭಾರ ಆಕೈತಿ ಅಂತಾಳ' ಎಂಬುದು 'ಭಾರವಾಗುವುದೆನ್ನುವಳು' ಆಗಿತ್ತು. ಕೊನೆಯ ಎರಡು ಸಾಲಿಗೆ ಅಡ್ಡಗೆರೆ ಎಳೆದು, ಅಲ್ಲಿ ವಿದ್ಯೆಯೇ ಸಂಪತ್ತು ಎಂಬರ್ಥದ ಎರಡು ಸಾಲು ಸೇರಿಸಿದ್ದರು. ಹುಡುಗಿ ಓದಿ ನೋಡಿ, "ಇದನ್ನ ಬ್ಯಾರೆ ಯಾರರ ಹೇಳಲಿ ಬಿಡ್ರಿ" ಎಂದಳು. ನಿನ್ನದನ್ನೇ ಹೇಳು, ಹೊಣೆ ನನ್ನದು ಎಂದೆ. ಮುಖ್ಯೋಪಾಧ್ಯಾಯರಿಗೆ ಇದು ಸರಿಬರಲಿಲ್ಲ. "ಮೇಡಂ, ಮೊದಲು ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡ್ರಿ" ಎಂದರು. ಎರಡನ್ನೂ ನೋಡುತ್ತೇನೆ ಎಂದೆ.

ಗೋಷ್ಠಿಯ ದಿನ ಉದ್ಘಾಟನೆ, ಸನ್ಮಾನ, ಅತಿಥಿಗಳ ಭಾಷಣ ಎಲ್ಲ ಮುಗಿದು ಮಕ್ಕಳ ಸರದಿ ಬಂದಾಗ ಮಧ್ಯಾಹ್ನ ಮೀರಿತ್ತು. ಬೆಳಿಗ್ಗೆ ತಿಂದ ಉಪ್ಪಿಟ್ಟಿನ ಮೇಲೆ ಆ ಮಕ್ಕಳು ಕೂತಿದ್ದವು. ಮೈಕು ಅತಿಥಿಗಳ ಎತ್ತರಕ್ಕಿತ್ತು, ಇಳಿಸಿ ಎಂದು ಎರಡು ಸಲ ಹೇಳಿದರೂ ಯಾರೂ ಏಳಲಿಲ್ಲ. ಹುಡುಗಿ ಹಿಮ್ಮಡಿ ಎತ್ತಿ ನಿಂತು ಹೇಳಿದಳು. ಕೈ ಆಡಿಸಲಿಲ್ಲ, ದನಿ ಏರಿಸಲಿಲ್ಲ. ಹಿಂದೆ ಅಡುಗೆ ಮಾಡುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಾಗಿಲಿಗೆ ಬಂದಿದ್ದರು. ಚಪ್ಪಾಳೆ ಇನ್ನೇನು ಬೀಳಬೇಕು, ತೀರ್ಪುಗಾರರಲ್ಲಿ ಹಿರಿಯರಾದ ನಿವೃತ್ತ ಉಪನ್ಯಾಸಕರೊಬ್ಬರು ಕೈ ಎತ್ತಿದರು.

"ನಿಲ್ಲಮ್ಮ. ಇದು ನೀನು ಬರೆದದ್ದೋ, ನಿಮ್ಮ ಟೀಚರ್ ಬರೆದುಕೊಟ್ಟದ್ದೋ?"

"ನಾನ ಬರದೀನ್ರಿ."

"ಹಾಗಿದ್ದರೆ ಪೂರ್ತಿ ಯಾಕಿಲ್ಲ? ಹೆಸರು ಕೂಗಿದರು, ಮುಂದೆ? ಇಲ್ಲೇ ಇನ್ನೆರಡು ಸಾಲು ಕಟ್ಟಿ ಹೇಳು, ನೋಡೋಣ."

ಸಭಾಂಗಣದಲ್ಲಿ ಕೆಲವರು ನಕ್ಕರು. ದೊಡ್ಡವರು. ನಾನು ಎದ್ದು ನಿಂತಿದ್ದೆ, ಪಕ್ಕದವರು ಸೆರಗು ಹಿಡಿದು ಕೂರಿಸಿದರು. ಹುಡುಗಿ ನನ್ನ ಕಡೆ ನೋಡಲಿಲ್ಲ. ಅವರನ್ನೇ ನೋಡುತ್ತ ನಿಂತಳು. ತುಟಿ ಒಮ್ಮೆ ಅಲುಗಿತು. ಈಗ ಅತ್ತುಬಿಡುತ್ತಾಳೆ ಅಂದುಕೊಂಡೆ. ಅವಳು ಮತ್ತೆ ಹಿಮ್ಮಡಿ ಎತ್ತಿ ಮೈಕಿಗೆ ಬಾಯಿ ಕೊಟ್ಟು ಹೇಳಿದಳು:

"ಮುಂದ ಇಲ್ರಿ ಸರ್. ಅದು ಮುಗದೈತಿ."

ಒಂಬತ್ತನೇ ತರಗತಿಯ ಹುಡುಗಿ ತನ್ನ ಕವನ ಎಲ್ಲಿ ಮುಗಿಯಬೇಕೆಂದು ತಿಳಿದಿದ್ದಳು. ಹಿರಿಯರು ಅದನ್ನು ಉದ್ಧಟತನ ಎಂದು ಬಗೆದು, "ಇದೇನಾ ಕಲಿಸಿದ್ದು?" ಎಂದು ನನ್ನ ಕಡೆ ತಿರುಗಿದರು. ಭಾಷೆ ಗ್ರಾಮ್ಯ, ವ್ಯಾಕರಣ ತಪ್ಪು, ಸಂದೇಶವಿಲ್ಲ ಎಂದು ಮೈಕಿನಲ್ಲೇ ಷರಾ ಕೊಟ್ಟರು. ಇಲಾಖೆಯ ಅಧಿಕಾರಿಯೊಬ್ಬರದು ಬೇರೆಯೇ ಚಿಂತೆ. ಕೆಳಗಿಳಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಪತ್ರಿಕೆಯವರು ಬಂದಾರ. ಗುಳೆ ವಿಷಯ ಯಾಕ ಬೇಕಿತ್ತು?" ಎಂದರು. ಗುಳೆ ಹೋಗುವ ಊರಿನ ಮಗು ಇನ್ಯಾವುದರ ಬಗ್ಗೆ ಬರೆಯಬೇಕು ಎಂದು ಕೇಳಿದೆ. ಉತ್ತರ ಕೊಡದೆ ಮೊಬೈಲ್ ಕಿವಿಗಿಟ್ಟುಕೊಂಡು ಹೋದರು.

ಆ ಹಿರಿಯರ ಮೇಲೆ ನನಗೆ ಹೆಚ್ಚು ಸಿಟ್ಟು ಬರುವುದಕ್ಕೆ ಕಾರಣವಿದೆ. ತಮ್ಮ ಭಾಷಣದಲ್ಲಿ ಬೇಂದ್ರೆಯವರನ್ನು ಹೊಗಳಿದ್ದು ಅವರೇ. ಧಾರವಾಡದ ಮನೆಮಾತನ್ನು ಕವಿತೆಗೆ ತಂದ ಬೇಂದ್ರೆ, 1973ರಲ್ಲಿ ಜ್ಞಾನಪೀಠ ಬಂದ ಬೇಂದ್ರೆ! ಆ ಅಧಿಕಾರಿಗೂ ಒಂದು ಮಾತು ನೆನಪಿಸಬೇಕು. ಕನ್ನಡದ ಮಕ್ಕಳಿಗೆ ಪದ್ಯ ಬರೆದುಕೊಟ್ಟ ಪಂಜೆ ಮಂಗೇಶರಾಯರು (1874–1937) ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದವರು. ಇವರು ಕೂತಿರುವುದು ಅಂಥವರು ಕೂತಿದ್ದ ಕುರ್ಚಿಯಲ್ಲಿ.

ಹುಡುಗಿಗೆ ಭಾಗವಹಿಸಿದ ಪ್ರಮಾಣಪತ್ರ ಕೊಟ್ಟರು, ಅದರಲ್ಲೂ ಹೆಸರು ತಪ್ಪು ಬರೆದಿದ್ದರು. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತು ಟಗರಿನ ಹುಡುಗನ ಜೊತೆ ಮುಂದಿನ ಕವನದ ಪ್ರಾಸಕ್ಕೆ ವಾದ ಹಾಕುತ್ತಿದ್ದಳು. ಅತ್ತು ಮುಖ ಊದಿಸಿಕೊಂಡವಳು ನಾನು.

ಇದೇ ದಾರಿ ಹಿಡಿಯುವ ಶಿಕ್ಷಕರಿಗೆ ಹೇಳಬೇಕಾದದ್ದು ಸ್ವಲ್ಪವೇ. ಮಗುವಿನ ಕಾಗುಣಿತವನ್ನು ನೋಟ್‌ಬುಕ್ಕಿನಲ್ಲಿ ತಿದ್ದಿ, ಕವನದ ಬಾಯಿಮಾತಿಗೆ ಕೈ ಹಾಕಬೇಡಿ. ಮೊದಲ ಕರಡು, ಹೊಡೆದುಹಾಕಿದ ಸಾಲು ಎಲ್ಲವನ್ನೂ ತಾರೀಖು ಹಾಕಿಸಿ ಎತ್ತಿಡಿ. ಯಾರು ಬರೆದದ್ದು ಎಂದು ಕೇಳಿದವರ ಮುಂದೆ ಅದನ್ನೇ ಬಿಚ್ಚಿಡಬಹುದು. ಮೈಕನ್ನು ಮಗುವಿನ ಎತ್ತರಕ್ಕೆ ನೀವೇ ಹೋಗಿ ಇಳಿಸಿ, ಯಾರನ್ನೂ ಕಾಯಬೇಡಿ.

ಈ ವರ್ಷ ನಾವು ತಾಲ್ಲೂಕಿಗೆ ಹೋಗುವುದಿಲ್ಲ. ನಮ್ಮ ಶಾಲೆಯ ಅಂಗಳದಲ್ಲೇ ಗೋಷ್ಠಿ, ತೀರ್ಪುಗಾರರಿಲ್ಲ, ಬಹುಮಾನವಿಲ್ಲ. ದೀಪಾವಳಿಗೆ ಮೊದಲೇ ಇಟ್ಟುಕೊಂಡಿದ್ದೇವೆ, ತಡವಾದರೆ ಅರ್ಧ ಕವಿಗಳು ಊರಲ್ಲಿರುವುದಿಲ್ಲ. ಸಮಯ ರಾತ್ರಿ ಎಂಟು ಗಂಟೆ. ಹೊಲದಿಂದ ಬಂದ ತಾಯಂದಿರು ರೊಟ್ಟಿ ಬಡಿದು, ಊಟಕ್ಕೆ ಹಾಕಿ, ಬಂದು ಕೂರುವುದಕ್ಕೆ ಅಷ್ಟು ಹೊತ್ತು ಬೇಕು.