ಬಳಸಿದ ಎಂಜಿನ್ ಎಣ್ಣೆಯಿಂದ ಇಂಧನ: ಸಣ್ಣ ಉದ್ದಿಮೆದಾರರು ಅರಿತಿರಬೇಕಾದ ಸಂಗತಿಗಳು

ತರೀಕೆರೆ ತಾಲ್ಲೂಕಿನ ಅಮೃತಾಪುರವು 1196ರಲ್ಲಿ ನಿರ್ಮಾಣಗೊಂಡ ಹೊಯ್ಸಳರ ಅಮೃತೇಶ್ವರ ದೇವಾಲಯದಿಂದಾಗಿ ನಾಡಿಗೆಲ್ಲ ಪರಿಚಿತವಾದ ಊರು. ಇಂದು ಈ ಭಾಗದ ಆರ್ಥಿಕ ಜೀವನಕ್ಕೆ ಆಧಾರವಾಗಿರುವುದು ಅಡಿಕೆ ಮತ್ತು ತೆಂಗಿನ ತೋಟಗಳು. ಟ್ರ್ಯಾಕ್ಟರ್, ಪವರ್ ಟಿಲ್ಲರ್, ಡೀಸೆಲ್ ಪಂಪ್, ಸರಕು ಸಾಗಿಸುವ ಲಾರಿ, ಮನೆಮನೆಯ ಮೋಟಾರ್ ಸೈಕಲ್ - ಇವೆಲ್ಲವೂ ನಿಗದಿತ ಅವಧಿಗೊಮ್ಮೆ ಎಂಜಿನ್ ಎಣ್ಣೆಯ ಬದಲಾವಣೆಯನ್ನು ಬೇಡುತ್ತವೆ. ಹಾಗೆ ಇಳಿಸಿದ ಕಪ್ಪು ಎಣ್ಣೆಯನ್ನು ಗ್ಯಾರೇಜುಗಳಲ್ಲಿ ‘ವೇಸ್ಟ್ ಆಯಿಲ್’ ಎಂದು ಕರೆಯುವುದು ರೂಢಿ.

ಗೆದ್ದಲು ಹಿಡಿಯದಂತೆ ಮರದ ಕಂಬಕ್ಕೆ ಬಳಿಯುವುದು, ಸೆಂಟ್ರಿಂಗ್ ಹಲಗೆಗೆ ಹಚ್ಚುವುದು ಇದರ ಹಳೆಯ ಉಪಯೋಗಗಳು. ಡೀಸೆಲ್ ಬೆಲೆ ಏರಿದಾಗಲೆಲ್ಲ ಮತ್ತೊಂದು ಪ್ರಶ್ನೆಯೂ ತಲೆಯೆತ್ತುತ್ತದೆ: ಈ ಎಣ್ಣೆಯನ್ನು ಸೋಸಿ, ಕಾಯಿಸಿ, ಸ್ವಂತ ಇಂಧನವನ್ನಾಗಿ ಮಾಡಿಕೊಳ್ಳಬಾರದೇಕೆ? ಈ ಪ್ರಶ್ನೆಯನ್ನು ತಾಂತ್ರಿಕ, ಕಾನೂನು ಮತ್ತು ವ್ಯಾಪಾರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎಣ್ಣೆಯಲ್ಲಿ ಏನಿರುತ್ತದೆ?

ಎಂಜಿನ್ ಎಣ್ಣೆ ಕೆಡುವುದಿಲ್ಲ, ಕೊಳೆಯಾಗುತ್ತದೆ ಎಂಬ ಮಾತಿನಲ್ಲಿ ಬಹುಪಾಲು ಸತ್ಯವಿದೆ. ಮೂಲ ಎಣ್ಣೆಯ ಹೆಚ್ಚಿನ ಭಾಗ ಹಾಗೆಯೇ ಉಳಿದಿರುತ್ತದೆ. ಆದರೆ ಅದರೊಡನೆ ಸವೆದ ಲೋಹದ ಕಣ, ಮಸಿ, ನೀರು, ಸುಡದೆ ಉಳಿದ ಪೆಟ್ರೋಲ್ ಅಥವಾ ಡೀಸೆಲ್ ಹಾಗೂ ಸತು, ರಂಜಕ, ಗಂಧಕಗಳುಳ್ಳ ಸೇರ್ಪಡೆ ರಾಸಾಯನಿಕಗಳು ಬೆರೆತಿರುತ್ತವೆ. ಉರಿಯುವಿಕೆಯ ಫಲವಾದ ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳೂ ಸೇರುತ್ತವೆ; ಇವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕಗಳು. ಬರಿಗೈಯಲ್ಲಿ ದಿನವಿಡೀ ಈ ಎಣ್ಣೆಯನ್ನು ಮುಟ್ಟುವ ಕೆಲಸಗಾರನ ಆರೋಗ್ಯದ ಹೊಣೆ ಮಾಲೀಕನದೇ ಎಂಬುದನ್ನು ಮರೆಯಲಾಗದು.

ಉಷ್ಣಶಕ್ತಿಯ ದೃಷ್ಟಿಯಿಂದ ಬಳಸಿದ ಎಣ್ಣೆ ಫರ್ನೇಸ್ ಎಣ್ಣೆಗೆ ಸಮೀಪದ್ದು. ಆದುದರಿಂದಲೇ ಅದು ಇಂಧನವಾಗಬಲ್ಲದು ಎಂಬ ನಂಬಿಕೆ ಮೂಡಿದೆ. ಆದರೆ ‘ಉರಿಯುವ ವಸ್ತು’ ಬೇರೆ, ‘ಎಂಜಿನ್‌ಗೆ ಯೋಗ್ಯವಾದ ಇಂಧನ’ ಬೇರೆ.

ಡೀಸೆಲ್‌ಗೆ ಬದಲಿ ಏಕಾಗದು?

ಅಪಾಯಕಾರಿ ತ್ಯಾಜ್ಯ ನಿಯಮಗಳ 5ನೆಯ ಅನುಸೂಚಿಯು ತ್ಯಾಜ್ಯ ಎಣ್ಣೆಯಿಂದ ತಯಾರಿಸಿದ ಇಂಧನಕ್ಕೆ ಮಿತಿಗಳನ್ನು ವಿಧಿಸಿದೆ. ಗಂಧಕ ಶೇ. 4.5, ನೀರು ಶೇ. 1, ಗಸಿ ಶೇ. 0.25, ಸೀಸ 100 ಪಿ.ಪಿ.ಎಂ. ಮೀರಬಾರದು. ಈ ಮಿತಿಗಳು ಕುಲುಮೆಯಲ್ಲಿ ಉರಿಸುವ ಇಂಧನಕ್ಕೆ ಹೊಂದುವಂಥವು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರಾಟವಾಗುತ್ತಿರುವ ಬಿ.ಎಸ್.-6 ಡೀಸೆಲ್‌ನಲ್ಲಿ ಗಂಧಕದ ಗರಿಷ್ಠ ಮಿತಿ 10 ಪಿ.ಪಿ.ಎಂ. ಮಾತ್ರ. ಶೇ. 4.5 ಎಂದರೆ 45,000 ಪಿ.ಪಿ.ಎಂ.; ಅಂದರೆ ಡೀಸೆಲ್‌ನ ಮಿತಿಯ 4,500 ಪಟ್ಟು. ನಿಯಮದ ಮಿತಿಯೊಳಗೆ ಇರುವ ತ್ಯಾಜ್ಯ ಎಣ್ಣೆಯ ಇಂಧನವೂ ಡೀಸೆಲ್‌ಗೆ ಬದಲಿಯಲ್ಲವೆಂಬುದಕ್ಕೆ ಈ ಒಂದು ಲೆಕ್ಕವೇ ಸಾಕು.

ಸ್ನಿಗ್ಧತೆಯ ವಿಷಯವೂ ಹೀಗೆಯೇ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೀಸೆಲ್‌ನ ಸ್ನಿಗ್ಧತೆ 2ರಿಂದ 4.5 ಸೆಂಟಿಸ್ಟೋಕ್ಸ್, ಸಾಮಾನ್ಯ 15ಡಬ್ಲ್ಯು-40 ಎಂಜಿನ್ ಎಣ್ಣೆಯದು ಸುಮಾರು 100. ಬಟ್ಟೆಯಲ್ಲಿ ಸೋಸಿದ ಮಾತ್ರಕ್ಕೆ ಈ ಅಂತರ ಅಳಿಯುವುದಿಲ್ಲ. ಎಣ್ಣೆಯಲ್ಲಿ ಕರಗಿರುವ ಸೇರ್ಪಡೆಗಳು ಸೋಸುವುದರಿಂದ ಹೋಗುವುದೂ ಇಲ್ಲ. ಅವು ಉರಿದು ಬೂದಿಯಾಗಿ ನಾಜಲ್, ಕವಾಟ, ಪಿಸ್ಟನ್ ರಿಂಗುಗಳ ಮೇಲೆ ಕೂರುತ್ತವೆ. ಉಳಿಸಿದ ಹತ್ತು ಲೀಟರ್ ಡೀಸೆಲ್‌ನ ಹಣ ಒಂದು ಇಂಜೆಕ್ಷನ್ ಪಂಪಿನ ದುರಸ್ತಿಗೂ ಸಾಲದು.

ಮದ್ಯಸಾರ ಮತ್ತು ಕಾಸ್ಟಿಕ್ ಬೆರೆಸಿದರೆ ಬಯೋಡೀಸೆಲ್ ಆಗುತ್ತದೆಂಬ ಕಲ್ಪನೆಯೂ ಕೆಲವರಲ್ಲಿದೆ. ಆ ಕ್ರಿಯೆ ನಡೆಯುವುದು ಹೊಂಗೆ, ಸೂರ್ಯಕಾಂತಿ ಮುಂತಾದ ಸಸ್ಯಜನ್ಯ ಎಣ್ಣೆಗಳಂಥವುಗಳಲ್ಲಿ. ಖನಿಜ ಎಣ್ಣೆಯ ರಚನೆಯೇ ಬೇರೆಯಾದುದರಿಂದ ಅದು ಬಯೋಡೀಸೆಲ್ ಆಗಲಾರದು.

ಕಾಯಿಸುವುದರಲ್ಲಿರುವ ಅಪಾಯ

ಮನೆಯ ಹಿತ್ತಲಿನಲ್ಲಿ ಅಥವಾ ಷೆಡ್ಡಿನಲ್ಲಿ ಡ್ರಮ್ಮಿನಡಿ ಬೆಂಕಿಯಿಟ್ಟು ಎಣ್ಣೆ ಕಾಯಿಸುವ ಪ್ರಯತ್ನವೇ ಎಲ್ಲಕ್ಕಿಂತ ಅಪಾಯಕರ. ಇದಕ್ಕೆ ಮೂರು ಕಾರಣಗಳಿವೆ.

1. ನೀರು: ತಳದಲ್ಲಿ ನಿಂತ ನೀರು 100 ಡಿಗ್ರಿ ದಾಟಿದೊಡನೆ ಆವಿಯಾಗುತ್ತದೆ. ಒಂದು ಲೀಟರ್ ನೀರು ಸುಮಾರು 1,600 ಲೀಟರ್ ಆವಿಯಾಗಿ ಹಿಗ್ಗುವಾಗ ಮೇಲಿನ ಬಿಸಿ ಎಣ್ಣೆಯನ್ನು ನೊರೆಯೆಬ್ಬಿಸಿ ಹೊರಚೆಲ್ಲುತ್ತದೆ. ಚೆಲ್ಲಿದ ಎಣ್ಣೆ ಕೆಳಗಿನ ಬೆಂಕಿಗೇ ಬೀಳುತ್ತದೆ.

2. ಪೆಟ್ರೋಲ್ ಮಿಶ್ರಣ: ಹೊಸ ಎಂಜಿನ್ ಎಣ್ಣೆಯ ಆವಿ ಹೊತ್ತಿಕೊಳ್ಳುವ ಉಷ್ಣತೆ ಸುಮಾರು 200 ಡಿಗ್ರಿಗೂ ಮೇಲು. ಆದರೆ ಸ್ವಲ್ಪ ಪೆಟ್ರೋಲ್ ಬೆರೆತರೂ ಅದು ಬಹಳ ಕೆಳಗಿಳಿಯುತ್ತದೆ. ಯಾವ ಬ್ಯಾರೆಲ್‌ನಲ್ಲಿ ಎಷ್ಟು ಬೆರೆತಿದೆಯೆಂಬುದು ಕಣ್ಣಿಗೆ ಕಾಣದು.

3. ವಿಭಜನೆ: ಸುಮಾರು 350 ಡಿಗ್ರಿಯ ಆಚೆ ಎಣ್ಣೆಯ ಅಣುಗಳು ಒಡೆದು ಸುಲಭವಾಗಿ ಹೊತ್ತಿಕೊಳ್ಳುವ ಅನಿಲಗಳು ಹುಟ್ಟುತ್ತವೆ. ಪಾತ್ರೆಯೊಳಗೆ ಗಾಳಿ ಸೇರಿದರೆ ಸ್ಫೋಟ ಸಂಭವಿಸಬಹುದು. ತಳದಲ್ಲಿ ಕಟ್ಟುವ ಇಂಗಾಲದ ಪದರದಿಂದ ಲೋಹ ಅತಿಯಾಗಿ ಕಾದು ಬಿರಿಯುವ ಸಂಭವವೂ ಉಂಟು.

ಗಂಧಕಾಮ್ಲ ಮತ್ತು ಜೇಡಿಮಣ್ಣಿನಿಂದ ಶುದ್ಧಿ ಮಾಡುವ ಹಳೆಯ ವಿಧಾನದಲ್ಲಿ ಉಳಿಯುವ ಆಮ್ಲಗಸಿಯು ಮೂಲ ಎಣ್ಣೆಗಿಂತಲೂ ಕಷ್ಟದ ತ್ಯಾಜ್ಯ. ಇಂದಿನ ಅಧಿಕೃತ ಘಟಕಗಳು ನಿರ್ವಾತ ಬಟ್ಟಿಯಿಳಿಸುವಿಕೆ, ತೆಳುಪದರ ಆವೀಕರಣದಂತಹ ವಿಧಾನಗಳನ್ನು ಅನುಸರಿಸುತ್ತವೆ. ಇವು ಹಿತ್ತಲಿನ ಕೆಲಸಗಳಲ್ಲ.

ಒಲೆಗೆ ಸುರಿಯುವುದೂ ಸರಿಯಲ್ಲ. ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಈ ಎಣ್ಣೆಯನ್ನು ಹಾಕಿದರೆ ಲೋಹಾಂಶದ ಹೊಗೆಯು ಕೆಲಸಗಾರರ ಉಸಿರಿಗೂ ಪಕ್ಕದಲ್ಲಿ ಒಣಗುವ ಸರಕಿಗೂ ತಾಗುತ್ತದೆ.

ಕಾನೂನಿನ ನೆಲೆ

ಬಳಸಿದ ಎಣ್ಣೆಯು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಗೆ ಸೇರಿದೆ. ಈಗ ಜಾರಿಯಲ್ಲಿರುವುದು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು. ಇವುಗಳ ಪ್ರಕಾರ ತ್ಯಾಜ್ಯವನ್ನು 90 ದಿನಗಳಿಗೆ ಮೀರಿ ಸಂಗ್ರಹಿಸುವಂತಿಲ್ಲ. ವರ್ಷಕ್ಕೆ 10 ಟನ್‌ವರೆಗಿನ ಸಣ್ಣ ಉತ್ಪಾದಕರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಅವಧಿಯನ್ನು ವಿಸ್ತರಿಸಬಹುದು. ಅಧಿಕೃತ ಪರವಾನಗಿಯಿಲ್ಲದೆ ಸಂಸ್ಕರಿಸುವುದು ಅಪರಾಧ. ಪರಿಸರ ಸಂರಕ್ಷಣಾ ಕಾಯಿದೆಯ ಉಲ್ಲಂಘನೆಗೆ 2024ರ ಏಪ್ರಿಲ್‌ನಿಂದ 10,000 ರೂಪಾಯಿಗಳಿಂದ 15 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಇಂತಹ ಎಣ್ಣೆಯನ್ನು ಡೀಸೆಲ್‌ಗೆ ಬೆರೆಸಿ ಮಾರುವುದು ಅಗತ್ಯ ವಸ್ತುಗಳ ಕಾಯಿದೆಯಡಿ ಹೊರಡಿಸಿದ 2005ರ ಆದೇಶದ ವ್ಯಾಪ್ತಿಗೂ ಬರುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇದರಂತೆ ಎಣ್ಣೆ ತಯಾರಕರು ತಾವು ಮಾರಿದ ಎಣ್ಣೆಯ ಒಂದು ಭಾಗದಷ್ಟು ಮರುಬಳಕೆಯಾಗುವಂತೆ ನೋಡಿಕೊಳ್ಳಬೇಕು. ಮೊದಲ ವರ್ಷ ಶೇ. 5ರಿಂದ ಆರಂಭವಾದ ಈ ಗುರಿ ಹಂತಹಂತವಾಗಿ ಶೇ. 50ಕ್ಕೆ ಏರುತ್ತದೆ. ಸಂಗ್ರಹಣಾ ಏಜೆಂಟರೂ ಮರುಬಳಕೆದಾರರೂ ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಗುರಿ ಏರಿದಂತೆ ಶುದ್ಧವಾಗಿ ಸಂಗ್ರಹಿಸಿದ ಎಣ್ಣೆಯ ಬೇಡಿಕೆಯೂ ಏರುವುದು ಸಹಜ. ಸಣ್ಣ ಗ್ಯಾರೇಜಿನ ಲಾಭ ಅಡಗಿರುವುದು ಇಲ್ಲಿಯೇ.

ಒಂದು ಲೆಕ್ಕ

ಉದಾಹರಣೆಗೆ, ಒಂದು ಗ್ಯಾರೇಜಿನಲ್ಲಿ ತಿಂಗಳಿಗೆ 150 ಮೋಟಾರ್ ಸೈಕಲ್‌ಗಳಿಂದ ತಲಾ 0.8 ಲೀಟರ್, 12 ಟ್ರ್ಯಾಕ್ಟರ್‌ಗಳಿಂದ ತಲಾ 7 ಲೀಟರ್ ಎಣ್ಣೆ ಇಳಿಯುತ್ತದೆಂದು ಭಾವಿಸೋಣ. ಒಟ್ಟು 204 ಲೀಟರ್, ಎಂದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಬ್ಯಾರೆಲ್. ಮೂರು ತಿಂಗಳಿಗೆ ಮೂರು ಬ್ಯಾರೆಲ್. ವರ್ಷಕ್ಕೆ 2,448 ಲೀಟರ್, ತೂಕದಲ್ಲಿ ಸುಮಾರು 2.15 ಟನ್. ಒಂದೇ ಗ್ಯಾರೇಜಿನ ಮೂರು ಬ್ಯಾರೆಲ್‌ಗಾಗಿ ದೂರದಿಂದ ವಾಹನ ಬರುವುದು ಕಷ್ಟ. ಆದರೆ ತರೀಕೆರೆ, ಅಜ್ಜಂಪುರ, ಕಡೂರು ಭಾಗದ ಹತ್ತು ಗ್ಯಾರೇಜುಗಳು ಒಂದೇ ದಿನವನ್ನು ಗೊತ್ತುಪಡಿಸಿಕೊಂಡರೆ ಒಂದು ಸುತ್ತಿನಲ್ಲಿ 30 ಬ್ಯಾರೆಲ್ ದೊರೆಯುತ್ತದೆ. ಆಗ ನೋಂದಾಯಿತ ಖರೀದಿದಾರನೊಡನೆ ದರ ಕುದುರಿಸಲು ಬಲ ಬರುತ್ತದೆ.

ಗ್ಯಾರೇಜಿನಲ್ಲಿ ಮಾಡಬಹುದಾದ ಕೆಲಸ

1. ಎಂಜಿನ್ ಎಣ್ಣೆಗೆ ಪ್ರತ್ಯೇಕ, ಮುಚ್ಚಳವಿರುವ ಬ್ಯಾರೆಲ್ ಇಡುವುದು. ಪೆಟ್ರೋಲ್, ಥಿನ್ನರ್, ಬ್ರೇಕ್ ಎಣ್ಣೆ, ಕೂಲೆಂಟ್, ಟ್ರಾನ್ಸ್‌ಫಾರ್ಮರ್ ಎಣ್ಣೆ ಬೆರೆಸಬಾರದು. ಒಂದು ಲೋಟ ಥಿನ್ನರ್ ಇಡೀ ಬ್ಯಾರೆಲ್‌ನ ಬೆಲೆಯನ್ನು ಕೆಡಿಸಬಲ್ಲದು.

2. ಸುರಿಯುವಾಗಲೇ ತಂತಿಜಾಲರಿಯಲ್ಲಿ ತಣ್ಣಗೆ ಸೋಸುವುದು. ಬ್ಯಾರೆಲ್ ಅಲುಗಾಡದಂತಿಟ್ಟರೆ ನೀರು ತಾನಾಗಿ ತಳ ಸೇರುತ್ತದೆ. ತಳದ ನೀರನ್ನು ಚರಂಡಿಗೆ ಬಿಡದೆ ಬೇರೆ ಡಬ್ಬಿಯಲ್ಲಿ ಹಿಡಿದಿಡಬೇಕು.

3. ಮಾರುವ ಮೊದಲು ನೀರಿನ ಪರೀಕ್ಷೆ: ಬಿಸಿ ಮಾಡಿದ ಲೋಹದ ತಟ್ಟೆಯ ಮೇಲೆ ಒಂದೆರಡು ಹನಿ ಬಿಡಬೇಕು, ಚಟಪಟ ಸದ್ದಾದರೆ ನೀರಿದೆಯೆಂದು ಅರ್ಥ. ಇದನ್ನು ಬ್ಯಾರೆಲ್‌ಗಳಿಂದ ದೂರ, ಬಯಲಿನಲ್ಲಿ, ಕನ್ನಡಕ ಧರಿಸಿ ಮಾಡಬೇಕು.

4. ಬ್ಯಾರೆಲ್‌ಗಳನ್ನು ಮಾಡಿನಡಿ, ಸಿಮೆಂಟ್ ನೆಲದ ಮೇಲೆ, ಸುತ್ತ ಒಡ್ಡು ಕಟ್ಟಿ ಇಡುವುದು. ಹತ್ತಿರದಲ್ಲಿ ಮರಳಿನ ಬಕೆಟ್ ಮತ್ತು ಅಗ್ನಿಶಾಮಕ ಸಿಲಿಂಡರ್ ಇರಬೇಕು. ಉರಿಯುವ ಎಣ್ಣೆಗೆ ನೀರು ಎರಚಬಾರದು.

5. ದಿನಾಂಕ, ಪ್ರಮಾಣ, ಕೊಂಡವರ ನೋಂದಣಿ ಸಂಖ್ಯೆಯನ್ನು ದಫ್ತರದಲ್ಲಿ ಬರೆದು, ಮ್ಯಾನಿಫೆಸ್ಟ್‌ನ ಪ್ರತಿಯನ್ನು ಕಾಯ್ದಿಡುವುದು. ಹೆಚ್ಚು ದರ ಕೊಟ್ಟು ಚೀಟಿ ಕೊಡದೆ ಒಯ್ಯುವವನಿಗೆ ಮಾರಿದರೆ, ಮುಂದೆ ಆ ಎಣ್ಣೆ ಎಲ್ಲಿ ಸಿಕ್ಕಿದರೂ ಪ್ರಶ್ನೆ ಮೂಲಕ್ಕೇ ಬರುತ್ತದೆ.

ಸ್ವಂತ ಇಂಧನ ಬೇಕೆಂದರೆ

ಸ್ಥಳೀಯ ಇಂಧನದ ಆಸೆಗೆ ನಾಡಿನಲ್ಲಿಯೇ ಬೇರೆ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್‌ಗಳನ್ನು ನಡೆಸುವ ಪ್ರಯೋಗಗಳಿಗೆ ನಾಂದಿ ಹಾಡಿದರು. ನೆರೆಯ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಸ್ಥಾಪನೆಯಾಯಿತು. ಹೊಲದ ಬದುವಿನ ಹೊಂಗೆ ಬೀಜವು ಇಂಧನವಾಗಬಲ್ಲದು. ಎಂಜಿನ್‌ನಿಂದ ಇಳಿದ ಎಣ್ಣೆಯು ಮತ್ತೆ ಎಂಜಿನ್ ಎಣ್ಣೆಯೇ ಆಗಬಲ್ಲದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ 159 ಲೀಟರ್ ಕಚ್ಚಾತೈಲದಿಂದ ದೊರೆಯುವಷ್ಟು, ಎಂದರೆ ಸುಮಾರು 2.4 ಲೀಟರ್ ಕೀಲೆಣ್ಣೆಯು 3.8 ಲೀಟರ್ ಬಳಸಿದ ಎಣ್ಣೆಯಿಂದಲೇ ದೊರೆಯುತ್ತದೆ. ಅದೇ 3.8 ಲೀಟರ್ ನೆಲಕ್ಕೆ ಚೆಲ್ಲಿದರೆ ಅದರ ಹತ್ತು ಲಕ್ಷ ಪಟ್ಟು ಸಿಹಿನೀರು ಕೆಡಬಹುದೆಂದೂ ಆ ಸಂಸ್ಥೆ ತಿಳಿಸುತ್ತದೆ.

ಕೆರೆ, ಕಾಲುವೆ, ಕೊಳವೆಬಾವಿಗಳನ್ನೇ ನಂಬಿದ ತೋಟದ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ವಿವರಣೆ ಬೇಡ. ಕಪ್ಪು ಎಣ್ಣೆಯನ್ನು ಕಾಯಿಸುವುದಕ್ಕಿಂತ ಕಾಯ್ದಿಟ್ಟು ಮಾರುವುದೇ ಸಣ್ಣ ಉದ್ದಿಮೆದಾರನಿಗೆ ಸುರಕ್ಷಿತವೂ ಲಾಭದಾಯಕವೂ ಆದ ಮಾರ್ಗ. ಅನುಮತಿ ಹಾಗೂ ನೋಂದಾಯಿತ ಖರೀದಿದಾರರ ವಿವರಗಳಿಗಾಗಿ ಆಸಕ್ತರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಸಂಪರ್ಕಿಸುವುದು ಸೂಕ್ತ.