ಪ್ರತಿಭಟನೆಯೂ ಪರರ ವಾಹನವೂ

ಬಂದ್ ನಡೆದ ದಿನ ರಸ್ತೆಯಲ್ಲಿ ಸಿಕ್ಕ ಕಾರಿನ ಗಾಜು ಒಡೆಯುವುದು, ಬೇರೆ ರಾಜ್ಯದ ನಂಬರಿನ ಲಾರಿಗೆ ಮಸಿ ಬಳಿಯುವುದು, ಬಸ್ಸಿನ ಟೈರಿನ ಗಾಳಿ ಬಿಡುವುದು, ಇವು ನಮ್ಮ ನಾಡಿಗೆ ಹೊಸವಲ್ಲ. “ಬರೀ ಕೂಗಿದರೆ ಯಾರು ಕೇಳುತ್ತಾರೆ? ನಾಲ್ಕು ಗಾಜು ಒಡೆದರೆ ಮಾತ್ರ ಸರ್ಕಾರಕ್ಕೆ ಎಚ್ಚರವಾಗುತ್ತದೆ” ಎಂದು ಯುವಕರು ಹೇಳುವುದುಂಟು. ಗದರಿಸಿ ಅವರ ಬಾಯಿ ಮುಚ್ಚಿಸುವುದು ಸುಲಭ. ಆದರೆ ಆ ಮಾತಿನಲ್ಲಿ ನಿಜವಾದ ಒಂದು ಪ್ರಶ್ನೆಯಿದೆ. ಯುವಕ ಸಂಘಗಳಲ್ಲಿಯೂ ಮಹಿಳಾ ಸಂಘಗಳಲ್ಲಿಯೂ ಓದಿ ಚರ್ಚಿಸಲೆಂದು ಈ ಪಾಠವನ್ನು ಕೊಟ್ಟಿದೆ.

ಎಲ್ಲರಿಗೂ ನೆನಪಿರುವ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ೨೦೧೬ರಲ್ಲಿ ಕಾವೇರಿ ಕೊಳ್ಳದಲ್ಲಿ ಮಳೆ ಕೈಕೊಟ್ಟಿತ್ತು. ಹೀಗಿರುವಲ್ಲಿ ಸೆಪ್ಟೆಂಬರ್ ೫ರಂದು ಸುಪ್ರೀಂ ಕೋರ್ಟು, ದಿನಕ್ಕೆ ೧೫,೦೦೦ ಕ್ಯೂಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ನೀರು ಬಿಡಬೇಕೆಂದು ಆಜ್ಞೆ ಮಾಡಿತು. ಮಂಡ್ಯದ ರೈತನಿಗೆ ಗದ್ದೆಯಲ್ಲಿ ನಿಂತ ಕಬ್ಬು, ಭತ್ತದ ಚಿಂತೆ. ಆ ಸಂಕಟ ಸುಳ್ಳಲ್ಲ. ೧೨ರಂದು ಕೋರ್ಟು ಪ್ರಮಾಣವನ್ನು ೧೨,೦೦೦ ಕ್ಯೂಸೆಕ್‌ಗೆ ಇಳಿಸಿತಾದರೂ ನೀರು ಬಿಡುವ ಅವಧಿಯನ್ನು ೨೦ರವರೆಗೆ ಬೆಳೆಸಿತು. ಅದೇ ದಿನ ಬೆಂಗಳೂರು ಹೊತ್ತಿ ಉರಿಯಿತು. ತಮಿಳುನಾಡಿನ ನಂಬರಿನ ಲಾರಿಗಳನ್ನು ಹುಡುಕಿ ಹುಡುಕಿ ಸುಟ್ಟರು. ಮೈಸೂರು ರಸ್ತೆಯ ಕಡೆ ಒಂದೇ ಡಿಪೋದಲ್ಲಿ ನಿಂತಿದ್ದ ನಲವತ್ತರಷ್ಟು ಖಾಸಗಿ ಬಸ್ಸುಗಳು ಬೂದಿಯಾದವು. ಪೊಲೀಸರ ಗೋಲೀಬಾರಿನಲ್ಲಿ ಒಬ್ಬ ಯುವಕ ತೀರಿಕೊಂಡ. ತಮಿಳುನಾಡಿನಲ್ಲಿಯೂ ಕನ್ನಡಿಗರ ವಾಹನಗಳ ಮೇಲೆ, ಚಾಲಕರ ಮೇಲೆ ಕೈಮಾಡಿದ್ದರು. ನದಿಯ ಲೆಕ್ಕವೇ ತಿಳಿಯದ ಚಾಲಕರು ಎರಡು ಕಡೆಯೂ ಪೆಟ್ಟು ತಿಂದರು.

ಇದರಿಂದ ಕಾವೇರಿಯ ವಿಷಯದಲ್ಲಿ ಆದ ಲಾಭವೇನು? ೨೦೧೮ರ ಫೆಬ್ರವರಿ ೧೬ರಂದು ಅಂತಿಮ ತೀರ್ಪು ಬಂದಾಗ ಕರ್ನಾಟಕದ ಪಾಲು ೨೭೦ ಟಿ.ಎಂ.ಸಿ.ಯಿಂದ ೨೮೪.೭೫ಕ್ಕೆ ಏರಿತು. ಹೆಚ್ಚಿಗೆ ಸಿಕ್ಕಿದ ೧೪.೭೫ರಲ್ಲಿ ೧೦ ಟಿ.ಎಂ.ಸಿ. ದೊರೆತದ್ದು ತಮಿಳುನಾಡಿನ ಅಂತರ್ಜಲವನ್ನೂ ಲೆಕ್ಕಕ್ಕೆ ಹಿಡಿದದ್ದರಿಂದ; ಉಳಿದ ೪.೭೫ ದೊರೆತದ್ದು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ಕೋರ್ಟು ಒಪ್ಪಿದ್ದರಿಂದ. ಕಡತ ಬಿಚ್ಚಿ, ಅಂಕಿಗಳನ್ನು ಮುಂದಿಟ್ಟು ವಾದಿಸಿ ಗಳಿಸಿದ ನೀರು ಅದು. ಸುಟ್ಟ ಬಸ್ಸುಗಳು ಒಂದು ಬಿಂದಿಗೆ ನೀರನ್ನೂ ತರಲಿಲ್ಲ.

“ವಾಹನಕ್ಕೆ ಹೇಗೂ ಇನ್‌ಶೂರೆನ್ಸ್ ಇರುತ್ತದೆ, ಯಾರಿಗೇನು ನಷ್ಟ?” ಎಂಬ ಮಾತೊಂದುಂಟು. ಇದು ತಿಳಿಯದೆ ಆಡುವ ಮಾತು. ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ನಮ್ಮ ಗಾಡಿಯಿಂದ ಇತರರಿಗೆ ಆದ ಹಾನಿಯನ್ನು ಅದು ತುಂಬಿಕೊಡುತ್ತದೆ. ನಮ್ಮ ಗಾಡಿಗೇ ಆದ ಹಾನಿಗೆ ಒಂದು ಕಾಸೂ ಬರುವುದಿಲ್ಲ. ದೊಂಬಿಯಿಂದ ಆದ ನಷ್ಟ ಸಿಗಬೇಕಾದರೆ ಹೆಚ್ಚಿನ ಹಣ ಕಟ್ಟಿ ಸಮಗ್ರ ವಿಮೆ ಮಾಡಿಸಿರಬೇಕು. ಸಾಲ ತೀರಿದ ಹಳೆಯ ಗೂಡ್ಸ್ ಗಾಡಿಯಲ್ಲಿ ತರಕಾರಿ ಸಾಗಿಸುವ ಎಷ್ಟೋ ಜನ ಅದನ್ನು ಮಾಡಿಸಿರುವುದಿಲ್ಲ. ಮಾಡಿಸಿದ್ದರೂ, ಗಾಡಿ ರಿಪೇರಿಗೆಂದು ಷೆಡ್ಡಿನಲ್ಲಿ ನಿಂತಷ್ಟು ದಿನದ ಬಾಡಿಗೆ ಹೋದದ್ದು ಹೋದಂತೆಯೇ. ಮನೆಯ ಒಲೆ ಉರಿಯುವುದು ಆ ಬಾಡಿಗೆಯಿಂದ.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಟೆಸ್ಲಾ ಎಂಬ ವಿದ್ಯುತ್ ಕಾರಿನ ಕಂಪನಿಯ ಮುಖ್ಯಸ್ಥ ಈಲಾನ್ ಮಸ್ಕ್ ೨೦೨೫ರಲ್ಲಿ ಅಮೆರಿಕದ ಸರ್ಕಾರದೊಳಗೆ ಸೇರಿ ನೌಕರರನ್ನು ಕಡಿಮೆ ಮಾಡಲು ಹೊರಟಾಗ ಅಲ್ಲಿ ಬಹಳ ಜನ ಸಿಟ್ಟಾದರು. ಕೆಲವರು ಬೀದಿಯಲ್ಲಿ ನಿಲ್ಲಿಸಿದ್ದ ಟೆಸ್ಲಾ ಕಾರುಗಳಿಗೆ ಗೀರು ಹಾಕಿದರು, ನಾಜಿಗಳ ಗುರುತು ಬರೆದರು. ಕಾರಿನ ಹಣ ಕಂಪನಿಗೆ ಎಂದೋ ಸಂದಿತ್ತು. ಬಣ್ಣ ಹೊಡೆಸುವ ಖರ್ಚು ಬಿದ್ದದ್ದು ಕೊಂಡವನ ತಲೆಗೆ. ಈತನ ಗುಣ ತಿಳಿಯುವ ಮೊದಲೇ ಕೊಂಡ ಕಾರು ಇದು ಎಂಬರ್ಥದ ಚೀಟಿಯನ್ನು ಕೆಲವು ಮಾಲೀಕರು ಅಂಟಿಸಿಕೊಂಡು ಓಡಾಡಿದರು. ನೋಡುವವರಿಗೆ ನಗು, ಅವರಿಗೆ ಭಯ. ಇನ್ನು ಕೆಲವರು ಬೇರೆ ದಾರಿ ಹಿಡಿದರು: ಕಂಪನಿಯ ಅಂಗಡಿಗಳ ಮುಂದೆ ಫಲಕ ಹಿಡಿದು ನಿಂತರು, ತಮ್ಮ ಸ್ವಂತ ಟೆಸ್ಲಾ ಕಾರನ್ನು ಮಾರಿದರು. ಕಂಪನಿಗೆ ತಟ್ಟುವುದು ಇಂಥವರ ಏಟೇ.

ಈಗ ಗಟ್ಟಿಯಾದ ಆಕ್ಷೇಪಣೆಗೆ ಬರೋಣ. ೧೯೪೨ರಲ್ಲಿ ನಮ್ಮವರು ತಂತಿ ಕತ್ತರಿಸಲಿಲ್ಲವೇ, ರೈಲು ನಿಲ್ದಾಣಗಳಿಗೆ ಬೆಂಕಿ ಹಚ್ಚಲಿಲ್ಲವೇ? ಹೌದು, ಹಚ್ಚಿದರು. ಹಾವೇರಿ ಸೀಮೆಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರ ದಳ ಬ್ರಿಟಿಷ್ ಸರ್ಕಾರದ ಚಾವಡಿಗಳನ್ನು ಗುರಿಮಾಡಿತು. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ, ವಸೂಲಾದ ಕಂದಾಯದ ಹಣ ಇಟ್ಟಿದ್ದ ಕಡೆಗೆ ನುಗ್ಗಿದಾಗ ಅವರೂ ಇಬ್ಬರು ಸಂಗಡಿಗರೂ ಗುಂಡಿಗೆ ಬಲಿಯಾದರು. ೧೯೪೪ರಲ್ಲಿ ಸೆರೆಮನೆಯಿಂದ ಹೊರಬಂದ ಗಾಂಧೀಜಿಯವರು, ಗುಟ್ಟಾಗಿ ನಡೆಸುವ ವಿಧ್ವಂಸವನ್ನು ತಾವು ಅಹಿಂಸೆಯೆಂದು ಒಪ್ಪುವುದಿಲ್ಲವೆಂದರು. ಆ ವಾದ ಇಂದಿಗೂ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ಆ ದಳದವರು ಕೈಯಿಟ್ಟದ್ದು ಯಾವುದಕ್ಕೆ ಎಂಬುದನ್ನು ನೋಡಬೇಕು. ತಮಗೆ ಅನ್ಯಾಯ ಮಾಡುತ್ತಿದ್ದ ಆಳ್ವಿಕೆಯ ಸಾಧನಗಳಿಗೆ. ಅದನ್ನು ಬದಲಿಸಲು ಜನರ ಕೈಯಲ್ಲಿ ನಮ್ಮಂಥ ಓಟೂ ಇರಲಿಲ್ಲ. ಅದಕ್ಕೆ ಅವರು ತೆತ್ತ ಬೆಲೆ ಸ್ವಂತ ಪ್ರಾಣ. ಬಸ್ಸು ಸುಟ್ಟು ಕತ್ತಲಲ್ಲಿ ಮನೆ ಸೇರಿದವನು ಅವರ ಹೆಸರು ಹೇಳಿಕೊಳ್ಳುವುದು ತಕ್ಕದ್ದಲ್ಲ.

ಸುಡಲೇಬೇಕೆಂದಾಗ ಗಾಂಧೀಜಿಯವರು ಸುಡಿಸಿದ್ದು ತಮ್ಮವರದನ್ನೇ. ೧೯೦೮ರ ಆಗಸ್ಟ್ ೧೬ರಂದು ಜೋಹಾನ್ಸ್‌ಬರ್ಗಿನ ಮಸೀದಿಯೊಂದರ ಬಯಲಿನಲ್ಲಿ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು, ಎರಡು ಸಾವಿರಕ್ಕೂ ಮೀರಿ, ಕೊಪ್ಪರಿಗೆಗೆ ಹಾಕಿ ಸುಟ್ಟರು. ಪತ್ರವಿಲ್ಲದೆ ಸಿಕ್ಕಿಬಿದ್ದರೆ ಜೈಲಿಗೆ ಹೋಗತಕ್ಕವರು ಅವರೇ. ೧೯೨೧ರ ಜುಲೈ ೩೧ರಂದು ಮುಂಬಯಿಯ ಪರೇಲಿನಲ್ಲಿ ವಿದೇಶೀ ಬಟ್ಟೆಯ ರಾಶಿಗೆ ಬೆಂಕಿಯಿಟ್ಟಾಗಲೂ ಜನ ತಂದು ಒಪ್ಪಿಸಿದ್ದು ತಮ್ಮ ಮನೆಯ ಬಟ್ಟೆಗಳನ್ನು. ಉಡಲು ಬಟ್ಟೆಯಿಲ್ಲದ ಬಡವರಿರುವ ದೇಶದಲ್ಲಿ ಇದು ಸರಿಯಲ್ಲವೆಂದು ರವೀಂದ್ರನಾಥ ಠಾಕೂರರು ಅದಕ್ಕೂ ಆಕ್ಷೇಪಿಸಿದರು. ತಮ್ಮದನ್ನು ಸುಡುವುದಕ್ಕೇ ಇಷ್ಟು ಚರ್ಚೆ ನಡೆದಿತ್ತು!

ಕಾನೂನಿನ ಸಂಗತಿಯನ್ನೂ ತಿಳಿದಿರಬೇಕು. ಪರರ ಸ್ವತ್ತನ್ನು ಬೇಕೆಂದು ಕೆಡಿಸುವುದು ಅಪರಾಧ. ಸಾರ್ವಜನಿಕ ಆಸ್ತಿಗೆ ಬೆಂಕಿ ಹಚ್ಚಿದರೆ ೧೯೮೪ರ ಕೇಂದ್ರ ಕಾಯಿದೆಯಂತೆ ಹತ್ತು ವರ್ಷದವರೆಗೂ ಸೆರೆವಾಸ ಆಗಬಹುದು. ನಷ್ಟಕ್ಕೆ ಕೆಡಿಸಿದವರಷ್ಟೇ ಅಲ್ಲ, ಆ ಪ್ರತಿಭಟನೆಯನ್ನು ಏರ್ಪಡಿಸಿದವರೂ ಹೊಣೆಯೆಂದು ೨೦೦೯ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದುದರಿಂದ ಊರಿನಿಂದ ಮೆರವಣಿಗೆ ಹೊರಡಿಸುವವರು, ಜೊತೆಗೆ ಯಾರು ಯಾರು ಬರುತ್ತಾರೆ, ಕಲ್ಲು ಹಿಡಿದವನ ಕೈ ಹಿಡಿಯುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಸಂಘದಲ್ಲಿ ಚರ್ಚೆಗೆ: ಬೆಲೆ ಕುಸಿದಾಗ ರೈತರು ತಮ್ಮದೇ ಟೊಮೇಟೊವನ್ನು ರಸ್ತೆಗೆ ಸುರಿಯುತ್ತಾರೆ, ತಮ್ಮದೇ ಟ್ರಾಕ್ಟರುಗಳನ್ನು ಅಡ್ಡ ನಿಲ್ಲಿಸುತ್ತಾರೆ. ಯಾರ ಗಾಡಿಯನ್ನೂ ಮುಟ್ಟುವುದಿಲ್ಲ. ಆದರೆ ಹಿಂದೆ ಸಾಲಾಗಿ ನಿಂತ ವ್ಯಾನಿನಲ್ಲಿ ಪಕ್ಕದ ಊರಿನವರ ಹಾಲು ಬಿಸಿಲಿಗೆ ಒಡೆಯುತ್ತದೆ. ಆ ನಷ್ಟವನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಎಷ್ಟು ಹೊತ್ತಿನ ತಡೆ ಸರಿ, ಯಾವ ಗಾಡಿಗೆ ದಾರಿ ಬಿಡಬೇಕು?